ಗಡಿ ದಾಟಿದ ಹನ್ನೊಂದು ಹೆಸರು

ನಮ್ಮೂರ ಹಾಕಿ ಟೀಮು ಗಡಿಯಾಚೆ ಒಂಬತ್ತು ಗೋಲಿನಿಂದ ಸೋತದ್ದು ಅಂಪೈರ್ ಮೋಸ ಮಾಡಿದ್ದಕ್ಕಲ್ಲ. ನಮ್ಮ ಹುಡುಗರು ಮೈದಾನದಲ್ಲೇ ಇರಲಿಲ್ಲ. ಅಷ್ಟೇ.

ನಮ್ಮೂರು ಮಟಕಿಯ ಕಟ್ಟೆಯ ಮೇಲೆ ಕೂತವರು ಇವತ್ತಿಗೂ ಆ ಅಂಪೈರನ್ನೇ ಬೈಯುತ್ತಾರೆ. (ಆ ಬಡಪಾಯಿ ಸತ್ತು ಎಷ್ಟು ಕಾಲವಾಯಿತೋ.) ಬೈಯುವವರಲ್ಲಿ ಒಬ್ಬರೂ ಆಗ ಹುಟ್ಟಿರಲಿಲ್ಲ. ನಾನು ಹುಟ್ಟಿದ್ದೆ, ಹನ್ನೆರಡು ವರ್ಷದವಳಿದ್ದೆ. ಅದಕ್ಕೇ ಹೇಳುತ್ತೇನೆ, ಕೇಳಿ.

ಹೋದ ವಾರ ಮರಿಮೊಮ್ಮಗಳು ಮೊಬೈಲ್ ತಂದು ನನ್ನ ಮುಖಕ್ಕೆ ಹಿಡಿದಳು. ಮಂಜುಗಡ್ಡೆಯ ಮೇಲೆ ಹುಡುಗಿಯರು ಕೋಲು ಹಿಡಿದು ಜಾರುತ್ತಿದ್ದರು.

"ಆಯಿ, ನೋಡು. ನಮ್ಮ ದೇಶದ ಐಸ್ ಹಾಕಿ ಟೀಮ್ ಸೆಲೆಕ್ಷನ್ ನಡದದ. ಫಾರಿನ್‌ಗೆ ಹೊಂಟಾರ."

"ಹೆಂಗ ಆರಸ್ತಾರ?"

"ಚೊಲೊ ಆಡವ್ರನ್ನ ಆರಸ್ತಾರ. ಮತ್ತ ಹೆಂಗ?"

ಮತ್ತ ಹೆಂಗ ಅಂತೆ! ನನಗೆ ನಗು ಬಂತು. ನಮ್ಮೂರ ಟೀಮು ಹೋದದ್ದೂ ಫಾರಿನ್‌ಗೇ. ನಡೆದುಕೊಂಡು ಹೋಗಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದು ಆರೇಳು ತಿಂಗಳಾಗಿತ್ತು. ನಮಗೆ ಬಂದಿರಲಿಲ್ಲ. ನಾವು ನಿಜಾಮರ ಕಡೆ, ಅಕ್ಕಲಕೋಟೆಯ ಹಳ್ಳಿಗಳು ಹಿಂದೂಸ್ತಾನದ ಕಡೆ. ನಿನ್ನೆಯ ತನಕ ಬೀಗರ ಊರು ಎನ್ನುತ್ತಿದ್ದದ್ದು ಒಮ್ಮೆಲೇ ಪರದೇಶವಾಯಿತು. ನಡುವೆ ಒಂದು ನಾಕಾ, ಬಂದೂಕು ಹಿಡಿದ ಸಿಪಾಯಿಗಳು. ಈ ಕಡೆ ರಜಾಕಾರರ ಹೆದರಿಕೆ, ಆ ಕಡೆ ಏನಿದೆಯೋ ಎಂಬ ಹೆದರಿಕೆ. ಯಾರು ದಾಟುತ್ತಾರೆ?

ನಮ್ಮಕ್ಕ ಗೌರಕ್ಕನನ್ನು ಕೊಟ್ಟದ್ದು ಆ ಕಡೆಗೇ. ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ ತವರಿಗೆ ಕರೆತರಬೇಕಿತ್ತು, ಹೆರಿಗೆ ನಮ್ಮ ಮನೆಯಲ್ಲೇ ಆಗಬೇಕಿತ್ತು. ಯಾರು ಹೋಗಿ ಕರೆತರಬೇಕು? ಅಪ್ಪ ತೀರಿಕೊಂಡಿದ್ದ. ಗಂಡುಮಕ್ಕಳಿಲ್ಲ. ಆಮೇಲೊಂದು ದಿನ ಬಳೆಗಾರನೊಬ್ಬ ಹೇಗೋ ನುಸುಳಿ ಬಂದು "ನಿಮ್ಮ ಗೌರವ್ವ ಹಡದಾಳ" ಎಂದು ಒಂದು ಮಾತು ಹಾಕಿ ಹೋದ. ಗಂಡೋ ಹೆಣ್ಣೋ ಅವನಿಗೂ ಗೊತ್ತಿಲ್ಲ. (ಅರ್ಧ ಸುದ್ದಿ ತರುವವನು ಯಾಕಾದರೂ ತರಬೇಕು?)

ಅಂದಿನಿಂದ ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸುವಳು. ಬಾಗಿಲು ನೋಡುವಳು. ಹಂಚಿನ ಮೇಲಿನ ರೊಟ್ಟಿ ಸೀಯುವುದು. ಮೂರು ತಿಂಗಳು ನಾವು ಸೀದ ರೊಟ್ಟಿ ತಿಂದೆವು.

ಇಂಥ ಹೊತ್ತಿನಲ್ಲಿ ಶಾಲೆಯ ಮಾಸ್ತರರಿಗೆ ಆ ಕಡೆಯ ಒಂದು ಶಾಲೆಯಿಂದ ಚೀಟಿ ಬಂತು. ಹಾಕಿ ಮ್ಯಾಚ್ ಆಡೋಣ, ಬನ್ನಿ. ನಾಕಾದ ಸಾಹೇಬರಿಗೆ ಹಾಕಿ ಎಂದರೆ ಪ್ರಾಣ. ಹನ್ನೊಂದು ಆಟಗಾರರು, ಜೊತೆಗೆ ಮಾಸ್ತರರು, ಸೂರ್ಯ ಮುಳುಗುವುದರೊಳಗೆ ವಾಪಸ್ ಬರಬೇಕು, ಹೆಸರು ಬರೆದು ತನ್ನಿ, ಸಿಕ್ಕಾ ಹೊಡೆದುಕೊಡುತ್ತೇನೆ ಎಂದರಂತೆ.

ಮರುದಿನ ಶಾಲೆಯ ಮುಂದೆ ಹುಡುಗರಿಗಿಂತ ಹೆಚ್ಚು ತಾಯಂದಿರಿದ್ದರು.

ಹದಿನಾಲ್ಕು ಮನೆಯವರು ಆ ಕಡೆಗೆ ಹೆಣ್ಣು ಕೊಟ್ಟಿದ್ದರು. ಜಾಗ ಹನ್ನೊಂದು. ಮಾಸ್ತರರು ಬೀದರ್ ಕಡೆಯವರು, ಛಡಿ ಹಿಡಿದರೆ ಊರೇ ಗಪ್. ಅವತ್ತು ಆ ಛಡಿ ಯಾರಿಗೂ ಲೆಕ್ಕಕ್ಕಿಲ್ಲ.

"ನನ್ನ ಮಗ ಓಡ್ತಾನ್ರಿ!"

"ಅವನೇನು ಓಡ್ತಾನ ಬೇ, ಎಮ್ಮಿ ಹಿಂದ ಓಡಾಕ ಬರಂಗಿಲ್ಲ ಅವ್ನಿಗಿ!"

"ನಿನ್ನ ಮಗಳಿಗೆ ಮೂರು ಮಕ್ಕಳದಾವ. ಅಕಿ ಕಾಯ್ತಾಳ ತಗಿ. ನನ್ನ ಮಗಳು ಹೊಸದಾಗಿ ಹೋದಾಕಿ."

ಮಾಸ್ತರರು ಎಲ್ಲರದ್ದೂ ಕೇಳಿದರು. ಆಮೇಲೆ ಆರಿಸಿದರು. ಮೊದಲು ಬಾಣಂತಿಯರ ಮನೆ. ಆಮೇಲೆ ಬಸುರಿಯರ ಮನೆ. ಆಮೇಲೆ ಹೊಸದಾಗಿ ಮದುವೆಯಾದವರ ಮನೆ. ಮಕ್ಕಳು ದೊಡ್ಡವಾಗಿದ್ದ ಮೂರು ಮನೆ ಹೊರಗೆ. ಇಂಥ ಸೆಲೆಕ್ಷನ್ ಯಾವ ದೇಶದಲ್ಲಿ ನಡೆದಿದೆ, ನೀವೇ ಹೇಳಿ.

ನಮ್ಮ ಮನೆಯ ಹೆಸರು ಮೊದಲೇ ಬಂತು. ಆದರೆ ಕಳಿಸಲು ಹುಡುಗನೇ ಇಲ್ಲ.

"ಒಬ್ಬನರ ಖರೇ ಆಟಗಾರ ಇರ್ಲಿ," ಎಂದರು ಮಾಸ್ತರರು. "ನಿಮ್ಮ ಮನಿ ಹೆಸರಿನ್ಯಾಗ ನಾಗಪ್ಪ ಹೋಗ್ತಾನ. ಗೋಲ್‌ದಾಗ ನಿಲ್ತಾನ, ನಿಮ್ಮ ಮಗಳಿಗೆ ಕೊಡೋ ಗಂಟೂ ಒಯ್ತಾನ."

ನಾಗಪ್ಪ ಕುರುಬರ ಹುಡುಗ, ಹದಿನಾರು ವರ್ಷ. ಊರಲ್ಲಿ ನಿಜವಾಗಿ ಆಡಬಲ್ಲವನು ಅವನೊಬ್ಬನೇ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

"ನಾ ಆಡಾಕ ಹೊಂಟೇನಿ, ಗಂಟು ಹೊರಾಕಲ್ಲ," ಎಂದುಬಿಟ್ಟ. "ಆ ಕಡಿ ದೊಡ್ಡ ದೊಡ್ಡ ಮಂದಿ ನೋಡಾಕ ಬರ್ತಾರ. ಗೋಲ್ ಬಿಟ್ಟು ನಿಮ್ಮಕ್ಕನ ಮನಿ ಹುಡಕ್ಲೇನು?"

ಅವ್ವ ಕೂಸಿಗೆ ಕೌದಿ ಹೊಲಿದಿದ್ದಳು. ಬಾಣಂತಿಗೆಂದು ಅಂಟಿನುಂಡಿ ಕಟ್ಟಿದ್ದಳು. ಗಂಟು ಮಡಿಲಲ್ಲಿಟ್ಟುಕೊಂಡು ಕೂತಳು. ನನಗೆ ಸಿಟ್ಟು ಬಂತು.

ಜೋಳ ಕೊಯ್ದಾಗಿತ್ತು. ಹುಡುಗರು ಆಡುತ್ತಿದ್ದದ್ದು ಆ ಹೊಲದಲ್ಲೇ, ಕೂಳೆಯ ಮೇಲೆ. (ಜೋಳದ ಕೂಳೆಯ ಮೇಲೆ ಬರಿಗಾಲಲ್ಲಿ ಓಡಿದವರಿಗೆ ಮಂಜುಗಡ್ಡೆ ಏನು ಮಹಾ?) ಜಾಲಿಯ ಬಾಗಿದ ಟೊಂಗೆಯೇ ಕೋಲು, ಬೇರಿನ ಗಂಟು ಕೆತ್ತಿದ್ದೇ ಚೆಂಡು. ಎಮ್ಮೆ ಕಾಯುವ ನೆಪದಲ್ಲಿ ನಾನೂ ಅಲ್ಲೇ ಆಡಿ ಕಲಿತವಳು.

"ನಾಗ್ಯಾ, ಮೂರು ಹೊಡಿತೇನಿ. ಒಂದು ಒಳಗ ಹೋದ್ರೂ ಗಂಟು ಒಯ್ಯಬೇಕು."

"ಹೋಗ ಬೇ, ರೊಟ್ಟಿ ಬಡಿ ಹೋಗು."

"ಅಂಜಿದೇನು?"

ಅಷ್ಟು ಸಾಕಾಯಿತು. ಎರಡು ಕಲ್ಲಿನ ನಡುವೆ ನಿಂತ. ಮೊದಲನೆಯದನ್ನು ಕಾಲಿನಿಂದ ತಡೆದ. ಎರಡನೆಯದನ್ನು ತಡೆದು ಹಲ್ಲು ಕಿರಿದ. ಆಗ ನನಗೆ ಹೊಳೆಯಿತು, ಇವನು ಚೆಂಡು ನೋಡುವುದಿಲ್ಲ, ನನ್ನ ಕಣ್ಣು ನೋಡುತ್ತಾನೆ. ಮೂರನೆಯ ಸಲ ಬಲಗಲ್ಲನ್ನು ದಿಟ್ಟಿಸಿ ಎಡಕ್ಕೆ ಹೊಡೆದೆ. ಚೆಂಡು ಹಿಂದಿನ ಬದುವಿಗೆ ಬಡಿದು ನಿಂತಿತು.

ಬದುವಿನ ಮೇಲೆ ಮಾಸ್ತರರಿದ್ದರು. ಯಾವಾಗ ಬಂದಿದ್ದರೋ.

"ಗಂಡಾಗಿ ಹುಟ್ಟಿದ್ದಿ ಅಂದ್ರ ನಿನ್ನ ಹೆಸರು ಮೊದಲ ಬರೀತಿದ್ದೆ," ಎಂದರು.

"ಈಗ ಬರೀರಲ್ಲ. ನಾ ಹೋಗ್ತೇನಿ. ನಮ್ಮಕ್ಕನ್ನ ನೋಡ್ತೇನಿ, ಗೋಲ್‌ನೂ ಹೊಡಿತೇನಿ."

ಅವರು ಬದುವಿನಿಂದ ಇಳಿದು ಬಂದರು. ನನ್ನ ಕೋಲು ಇಸಿದುಕೊಂಡು ನಾಗಪ್ಪನ ಕೈಗೆ ಕೊಟ್ಟರು. ಆ ಕೋಲು ನಾನೇ ಕಡಿದು ಕಾಯಿಸಿ ಬಗ್ಗಿಸಿದ್ದು. ಅದು ಪರದೇಶಕ್ಕೆ ಹೋಯಿತು, ನಾನು ಉಳಿದೆ.

ಮ್ಯಾಚಿನ ದಿನ ಹನ್ನೊಂದು ಜನರೂ ಹೆಗಲಿಗೊಂದು ಗಂಟು ಹಾಕಿಕೊಂಡು ಹೊರಟರು. ನಾಕಾದ ಸಾಹೇಬರು ಗಂಟುಗಳನ್ನು ನೋಡಿ "ಏನಿದೆಲ್ಲ?" ಎಂದರಂತೆ. ಮಾಸ್ತರರು "ಆಟದ ಸಾಮಾನು" ಎಂದರಂತೆ. ಸಾಹೇಬರು ಒಂದು ಉಂಡಿ ತಿಂದು ಸಿಕ್ಕಾ ಹೊಡೆದರಂತೆ.

ಮೊದಲರ್ಧ ಹೇಗೋ ಆಡಿದರು. ನಾಗಪ್ಪ ಒಂದೂ ಬಿಡಲಿಲ್ಲ. ನಡುವೆ ನೀರು ಕುಡಿಯಲು ಬಿಟ್ಟಾಗ ಒಬ್ಬೊಬ್ಬನೇ ಗಂಟು ಎತ್ತಿಕೊಂಡು ಅಕ್ಕತಂಗಿಯರ ಊರಿನ ದಾರಿ ಹಿಡಿದ. ನಾಗಪ್ಪನೂ ಓಡಿದ. ಮಾತು ಕೊಟ್ಟಿದ್ದನಲ್ಲ. ಮೈದಾನದಲ್ಲಿ ಉಳಿದವರು ಇಬ್ಬರು, ಅವರ ಬೀಗರ ಊರು ತೀರಾ ದೂರವಿತ್ತು. ಒಂಬತ್ತು ಗೋಲು ಬಿದ್ದದ್ದು ಆಗ.

ಈಗ ಕೇಳಿ, ತಮಾಷೆಯನ್ನು. (ತಮಾಷೆ ಎನ್ನಲು ನನಗೆ ಎಷ್ಟೋ ವರ್ಷ ಬೇಕಾಯಿತು.) ತವರೂರಿನ ಟೀಮು ಬಂದಿದೆ ಎಂಬ ಸುದ್ದಿ ಸುತ್ತಲ ಹಳ್ಳಿಗೆ ಮುಟ್ಟಿತ್ತು. ಹೆಣ್ಣುಮಕ್ಕಳೆಲ್ಲ ಕೂಸು ಎತ್ತಿಕೊಂಡು ಮೈದಾನಕ್ಕೇ ನಡೆದು ಬಂದರು. ಹುಡುಗರು ಅವರ ಮನೆಗೆ, ಅವರು ಮೈದಾನಕ್ಕೆ! ಕೆಲವರು ದಾರಿಯಲ್ಲೇ ಎದುರಾದರು. ನಾಗಪ್ಪ ಹತ್ತಿರವಾಗಲೆಂದು ಹಳ್ಳದೊಳಗಿನ ದಾರಿ ಹಿಡಿದಿದ್ದ. ಗೌರಕ್ಕ ಮೇಲಿನ ದಾರಿಯಲ್ಲಿ ಬಂದಳು.

ನಾಗಪ್ಪ ಗಂಟನ್ನು ಅವಳ ಅತ್ತೆಯ ಕೈಗೆ ಕೊಟ್ಟು ಮರಳಿದ. ಅಷ್ಟರಲ್ಲಿ ಹೊತ್ತಾಯಿತೆಂದು ಗೌರಕ್ಕನನ್ನು ಅವಳ ಮೈದುನ ಬೈದು ಹೊರಡಿಸಿಕೊಂಡು ಹೋಗಿದ್ದ.

ಸಂಜೆ ಮಾಸ್ತರರು ನೇರ ನಮ್ಮ ಮನೆಗೆ ಬಂದರು. ನಾಗಪ್ಪ ಹೊರಗೇ ನಿಂತ.

"ನಾ ನೋಡ್ದೆನ್ರಿ ಯವ್ವಾ," ಎಂದರು. "ಹೆಣ್ಣುಕೂಸು. ನಿಮ್ಮ ಗೌರವ್ವ ಆ ಎರಡು ಗೋಲ್‌ಕಂಬದ ನಡುವ ನೋಡ್ಕೋತ ನಿಂತಿದ್ಲು. 'ನಮ್ಮ ಮನಿ ಕಡೆಯಿಂದ ಯಾರು ಬಂದಾರ್ರಿ' ಅಂದ್ಲು. 'ಗೋಲ್‌ದಾಗ ನಿಂತಾವ' ಅಂದೆ. ಗೋಲ್‌ದಾಗ ಯಾರೂ ಇರ್ಲಿಲ್ಲ."

ಅವ್ವ ಒಲೆಯ ಮೇಲಿನ ಹಂಚು ಇಳಿಸಿದಳು.

ಮಾಸ್ತರರು ಜೇಬಿನಿಂದ ಒಂದು ಕೆಂಪು ದಾರ ತೆಗೆದರು. ಸೆರಗಿನಿಂದ ಎಳೆದ ದಾರ. ಕೂಸಿನ ತಲೆಗೆ ಸುತ್ತಿ ಅಳೆದು ಎರಡು ಕಡೆ ಗಂಟು ಹಾಕಿದ್ದಳು ಅಕ್ಕ. "'ಕುಲಾವಿ ಹೊಲಿಯಾಕ ಅವ್ವಗ ಅಳತಿ ಬೇಕಲ್ರಿ' ಅಂದ್ಲು."

ಅವ್ವ ಎರಡೂ ಗಂಟುಗಳನ್ನು ಕೂಡಿಸಿ ದಾರವನ್ನು ದುಂಡಗೆ ಹಿಡಿದಳು. ನಡುವೆ ಏನೂ ಇಲ್ಲ. ಅದನ್ನೇ ನೋಡಿದಳು.

"ಇಷ್ಟೇನ್ರಿ? ಇಷ್ಟು ಅಂದ್ರ ಎಷ್ಟಾತು?" ಎಂದಳು.

ಮಾಸ್ತರರು ಅಂಗೈಗಳನ್ನು ದುಂಡಗೆ ಮಾಡಿ ತೋರಿಸಹೋಗಿ ಬಿಟ್ಟುಬಿಟ್ಟರು. ನಾಲ್ಕು ಭಾಷೆ ಕಲಿತ ಮನುಷ್ಯ.

ನಾಗಪ್ಪ ಹೊರಗಿನಿಂದಲೇ "ಅಂಪೈರ್ ಮೋಸ ಮಾಡ್ದ" ಎಂದ. ಯಾರೂ ಕೇಳಿರಲಿಲ್ಲ. ಆ ಸುಳ್ಳು ಹುಟ್ಟಿದ್ದು ನಮ್ಮ ಅಂಗಳದಲ್ಲೇ.

ಮರುದಿನ ಬೆಳಗ್ಗೆ ನಾನು ಆ ದಾರ ಹಿಡಿದು ಊರೊಳಗಿನ ಕೂಸುಗಳ ತಲೆ ಅಳೆಯುತ್ತ ಹೊರಟೆ. ಏಳನೆಯ ಮನೆಯಲ್ಲಿ ಗಂಟಿಗೆ ಗಂಟು ಕೂಡಿತು, ಆ ಕೂಸನ್ನು ಎತ್ತಿ ತಂದು ಅವ್ವನ ತೊಡೆಯ ಮೇಲೆ ಹಾಕಿ "ಇಷ್ಟು ನೋಡು" ಎಂದೆ.