ಮಂಚದ ಕೆಳಗಿನ ದೀಪ

ಆಗ ದಾಂಡೇಲಿಯಲ್ಲಿ ಲಾಡ್ಜು ಇರಲಿಲ್ಲ. ಸಾಮಿಲ್ಲಿನ ಗರಗಸ ದುರಸ್ತಿಗೆ ಹೋದ ನನಗೆ ಮಾಲೀಕರು ಮಂಚ, ಕುರ್ಚಿ, ಚಿಮಣಿ ದೀಪ ಸಮೇತ ಮನೆಯನ್ನೇ ಕೊಟ್ಟರು. ನನ್ನ ಅದೃಷ್ಟ ಎಂದುಕೊಂಡೆ.

ಮೊದಲ ಸಂಜೆಯೇ ಹೆಂಗಸೊಬ್ಬಳು ಹಣತೆ ಹಿಡಿದು ಬಾಗಿಲಲ್ಲಿ ನಿಂತಳು.

"ಮಂಚಾ ಸ್ವಲ್ಪ ಸರಸ್ರಿ ಅಣ್ಣಾರ. ನಮ್ಮನಿಯವ್ರು ಅಲ್ಲೇ ಜೀವಾ ಬಿಟ್ಟಾರ. ಹದಿಮೂರು ದಿನಾ ದೀಪಾ ಇಡಬೇಕು."

"ಎಷ್ಟು ದಿನಾ ಆತವ್ವಾ?"

"ಐದು. ಗರಗಸಕ್ಕ ಸಿಕ್ಕಿದ್ರು, ಮನಿಗೆ ತಂದ ಮ್ಯಾಲೆ ಹೋದ್ರು. ನಿನ್ನೆ ಮನಿ ಬಿಡಿಸಿದ್ರು, ನೀವು ಬರ್ತೀರಂತ."

ಮಂಚ ಸರಿಸಿದೆ. ಉಳಿದ ಎಂಟು ದಿನವೂ ಅದೇ ಗರಗಸದ ಹಲ್ಲಿಗೆ ಸಾಣೆ ಹಿಡಿದು ಬಂದು, ಆ ದೀಪಕ್ಕೆ ಎಣ್ಣೆ ಹಾಕಿ ಮಲಗಿದೆ.

ಈಗ ಸಾಮಾನು ಸಮೇತ ಮನೆ ಕೊಡುತ್ತೇವೆಂದರೆ, ಮಂಚದಲ್ಲಿ ಮೊದಲು ಯಾರು ಮಲಗುತ್ತಿದ್ದರು ಎಂದು ಕೇಳುತ್ತೇನೆ. "ಅದ್ಯಾಕ ಬೇಕ್ರಿ ನಿಮಗ?" ಎನ್ನುವವರೇ ಹೆಚ್ಚು.