ಸುಳ್ಳು ಕುಂಟು

ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದೆ. ನಿವೃತ್ತಿಯಾದ ಮೇಲೂ ದಿನಾ ಬೆಳಿಗ್ಗೆ ಮೈದಾನಕ್ಕೆ ಹೋಗಿ ಹುಡುಗಿಯರನ್ನು ಓಡಿಸುತ್ತಿದ್ದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಕೆನಡಾದ ಯೂನಿಯನ್‌ವಿಲ್‌ಗೆ ಬಂದವಳಿಗೆ ಎರಡನೆಯ ಚಳಿಗಾಲವೂ ಇಲ್ಲೇ ಆಯಿತು. ಮಗಳು, ಅಳಿಯ ಎಂಟಕ್ಕೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನು, ಕೂಸು, ಹೀಟರಿನ ಸದ್ದು. ನನಗೆ ಕಾರು ಬಾರದು. ಹಿಮದಲ್ಲಿ ಕೂಸನ್ನೆತ್ತಿಕೊಂಡು ಬಸ್‌ಸ್ಟಾಪಿನವರೆಗೂ ಹೋಗಲಾಗದು.

ಶನಿವಾರ ಮಾತ್ರ ಮಗಳು ನನ್ನನ್ನು ಕಮ್ಯುನಿಟಿ ಸೆಂಟರಿಗೆ ಬಿಡುತ್ತಿದ್ದಳು. ಅಲ್ಲಿ ಕಟ್ಟಡದೊಳಗೇ ನಡೆಯಲು ಟ್ರ್ಯಾಕ್ ಇದೆ. ಒಂದು ದಿನ ನನ್ನ ಮುಂದೆ ಹೋಗುತ್ತಿದ್ದ ಹೆಂಗಸಿನ ಮೊಣಕೈ ಬೀಸುವ ರೀತಿ ನೋಡಿ, ಓಡುತ್ತಿದ್ದಿರಾ ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲೇ ಕೇಳಿದೆ. ಆಕೆ ನಕ್ಕಳು. ಅಮೆರಿಕದವಳು, ಒಂದು ಕಾಲದ ಇನ್ನೂರು ಮೀಟರ್ ಓಟಗಾರ್ತಿ, ಕೆನಡಾದವನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಅಂದಿನಿಂದ ಪ್ರತಿ ಶನಿವಾರ ಜೊತೆಗೇ ನಡೆದೆವು.

ಊರಿಗೆ ಹೋಗಬೇಕೆಂದು ನಾನು ಮಗಳಿಗೆ ಹೇಳಿರಲಿಲ್ಲ. ಚಳಿಗೆ ಮಂಡಿ ಹಿಡಿದಿದೆ, ಊರಿಗೆ ಹೋಗುತ್ತೇನೆ ಎಂದು ಹೇಳಿಬಿಡುವುದೆಂದು ಯೋಚಿಸಿದ್ದೆ. ಮಂಡಿ ಗಟ್ಟಿಯಾಗಿಯೇ ಇತ್ತು. ಇದನ್ನು ಆ ಓಟಗಾರ್ತಿಗೆ ಹೇಳಿದಾಗ ಆಕೆ ನಡೆಯುವುದನ್ನು ನಿಲ್ಲಿಸಿ, ಗೋಡೆ ಬದಿಯ ಬೆಂಚಿನ ಮೇಲೆ ಕೂತಳು.

ಆಕೆ ಇಪ್ಪತ್ತೆರಡನೆಯ ವಯಸ್ಸಿಗೆ ದೇಶದ ತಂಡ ಸೇರಿದ್ದಳಂತೆ. ತಾಯಿಯ ಮನೆ, ತಮ್ಮನ ಓದು, ಕೋಚ್‌ನ ಸಂಬಳ ಎಲ್ಲವೂ ಆಕೆಯ ಓಟದ ಮೇಲೇ ನಡೆಯುತ್ತಿತ್ತು. ಇಪ್ಪತ್ತಾರಕ್ಕೆ ಓಡುವ ಮನಸ್ಸು ಸತ್ತುಹೋಯಿತು. ಯಾರಿಗೂ ಹೇಳಲಾಗದೆ ಇನ್ನೂ ಮೂರು ವರ್ಷ ಓಡಿದಳು. ಕೊನೆಗೊಂದು ದಿನ, ಕೂಟವೊಂದರ ಮೊದಲ ಹಂತದ ಓಟದಲ್ಲಿ ತಿರುವು ದಾಟುತ್ತಿದ್ದಂತೆ ತೊಡೆ ಹಿಡಿದುಕೊಂಡು ಬಿದ್ದಳು. ಸ್ಟ್ರೆಚರ್ ತಂದರು. ತಾಯಿ ಅತ್ತಳು.

"ಆ ದಿನ ನನ್ನ ಕಾಲಿಗೆ ಏನೂ ಆಗಿರಲಿಲ್ಲ," ಎಂದಳು.

ಮುಂದೆ ನಾಲ್ಕು ತಿಂಗಳು ತಾಯಿಯ ಮನೆಯಲ್ಲೇ ಕುಂಟಿದಳಂತೆ. ಬಚ್ಚಲಿಗೆ ಹೋಗುವಾಗಲೂ, ಯಾರಾದರೂ ನೋಡಿಯಾರೆಂದು. ತಾಯಿ ದಿನಾ ರಾತ್ರಿ ಆ ತೊಡೆಗೆ ಎಣ್ಣೆ ತಿಕ್ಕುತ್ತಿದ್ದಳು. ಸಾಯುವವರೆಗೂ ಆ ತಾಯಿಗೆ ನಿಜ ಗೊತ್ತಾಗಲಿಲ್ಲ. ಮನಸ್ಸಿಲ್ಲದೆ ಓಡಿದ ಮೂರು ವರ್ಷಕ್ಕಿಂತ ಆ ನಾಲ್ಕು ತಿಂಗಳೇ ಹೆಚ್ಚು ಉಸಿರುಕಟ್ಟಿಸಿತ್ತು ಎಂದು ಆಕೆ ಹೇಳಿದಳು.

ಅವತ್ತು ಕಾರಿನಲ್ಲಿ ಮಗಳೇ ಕೇಳಿದಳು. "ಅವ್ವಾ, ಭಾಳ ಸಪ್ಪಗದೀಯಲ್ಲ. ಚಳಿಗೆ ತ್ರಾಸ ಆಗಾಕತ್ತೈತೇನ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲವಾ. ಮೈಗೆ ಏನೂ ಆಗಿಲ್ಲ. ನನಗ ಇಲ್ಲಿ ಇರಾಕ ಮನಸ್ಸಿಲ್ಲ. ಊರಿಗೆ ಹೋಗಿ ಹುಡುಗ್ಯಾರನ್ನ ಓಡಿಸಬೇಕು."

ಸಿಗ್ನಲ್ ಹಸಿರಾದರೂ ಕಾರು ಮುಂದಕ್ಕೆ ಹೋಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

"ಮತ್ತ ಕೂಸು?" ಎಂದಳು.

ಮೂರನೆಯ ದಿನ ಮಗಳು ಕೂಸಿನ ಹೆಸರನ್ನು ಡೇಕೇರಿಗೆ ಬರೆಸಿದಳು. ಜಾಗ ಸಿಗುವುದು ಸೆಪ್ಟೆಂಬರಿಗೆ. ಅಲ್ಲಿಯವರೆಗೆ ನಾನು ಇಲ್ಲೇ. ಎಂಟಕ್ಕೆ ಬಾಗಿಲು ಹಾಕಿಕೊಂಡರೆ ಸಂಜೆಯೇ ತೆಗೆಯುವುದು.

ಮೊನ್ನೆ ಮಗಳು ಹುಬ್ಬಳ್ಳಿಯ ಗೆಳತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಅವ್ವಗ ಇಲ್ಲಿ ಇರಾಕ ಮನಸ್ಸಿಲ್ಲಂತ. ಸೆಪ್ಟೆಂಬರಕ್ಕ ಹೊಂಟಾಳ." ಚಳಿ, ಮಂಡಿ, ಬಿ.ಪಿ. ಎಂದು ಯಾವ ನೆಪವನ್ನೂ ಸೇರಿಸಲಿಲ್ಲ. ನಾನು ಕೂಸಿಗೆ ರವೆ ಗಂಜಿ ತಿನ್ನಿಸುತ್ತಿದ್ದೆ. ಅದು ಚಮಚ ತಳ್ಳಿತು. ಬಾಯಿ ಒರೆಸಿ ಇನ್ನೊಂದು ತುತ್ತು ಹಿಡಿದೆ.