ಹರಕೆಯ ಬಾಟಲಿ

ನನ್ನ ಕುಡಿತ ಬಿಡಿಸಲು ಹೆಂಡತಿ ದೈವಕ್ಕೆ ಹೇಳಿಕೊಂಡ ಹರಕೆ ಒಂದು ಬಾಟಲಿ ಬ್ರಾಂಡಿ. ನಗು ಬಂದರೆ ನಕ್ಕುಬಿಡಿ, ಈಗ ನನಗೂ ಬರುತ್ತದೆ. ನಮ್ಮ ಕರಾವಳಿಯವರು ಅಜ್ಜ ಎಂದೇ ಕರೆಯುವ ಆ ದೈವಕ್ಕೆ ಕಳ್ಳು, ಚಕ್ಕುಲಿ, ವೀಳ್ಯವೆಂದರೆ ಪ್ರೀತಿ. ಬೀಗದ ಕೈ ಕಳೆದರೂ ಕಿವಿಯೋಲೆ ಕಳೆದರೂ ಅಜ್ಜನಿಗೆ ಹೇಳಿಕೊಳ್ಳುತ್ತೇವೆ, ಸಿಕ್ಕಿದ ಮೇಲೆ ಹರಕೆ ಒಪ್ಪಿಸುತ್ತೇವೆ. ಅವಳು ಕಳೆದುಕೊಂಡದ್ದು ಗಂಡನನ್ನು. ನಾವಿರುವ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಒಳ್ಳೆಯ ಕಳ್ಳಿಗೆ ಎಲ್ಲಿ ಹೋಗುವುದೆಂದು ಬ್ರಾಂಡಿ ಹೇಳಿಕೊಂಡಿದ್ದಳು.

ರಬಾಳೆಯ ಕಾರ್ಖಾನೆಗಳ ನಡುವಿನ ಒಂದು ಊಟದ ಹೋಟೆಲಿನಲ್ಲಿ ನಾನು ಮ್ಯಾನೇಜರ್. ಸಂಜೆ ಗಲ್ಲಾ ಬಿಟ್ಟು ಹೊರಟವನು ಠಾಣೆಯಲ್ಲಿ ಲೋಕಲ್ ರೈಲು ಬದಲಿಸುವ ನಡುವೆ ಕುಡಿದೇ ಮನೆಗೆ ಬರುವುದು ಎಷ್ಟೋ ವರ್ಷಗಳ ರೂಢಿಯಾಗಿತ್ತು. ಬಾಗಿಲು ತೆರೆದ ಹೆಂಡತಿ ಕೈಯಿಂದ ಚೀಲ ತೆಗೆದುಕೊಳ್ಳುವ ನೆವದಲ್ಲಿ ಹತ್ತಿರ ಬಂದು ನನ್ನ ಉಸಿರು ಮೂಸುತ್ತಿದ್ದಳು. ಅದಕ್ಕೆ ಎಷ್ಟು ಹೆದರುತ್ತಿದ್ದೆನೋ ಅಷ್ಟೇ ಸಿಟ್ಟಾಗುತ್ತಿದ್ದೆ. ನಾನು ಕುಡಿತ ಬಿಟ್ಟ ಮೇಲೂ ಅವಳು ಮೂಸುವುದನ್ನು ಬಿಡಲಿಲ್ಲ.

ನಾನು ಬಿಟ್ಟದ್ದು ಕಲ್ಯಾಣದ ಒಂದು ಶಾಲೆಯ ಕೋಣೆಯಲ್ಲಿ. ಕುಡಿತ ಬಿಟ್ಟವರೂ ಬಿಡಲು ಹೊರಟವರೂ ವಾರಕ್ಕೊಮ್ಮೆ ಅಲ್ಲಿ ಸೇರುತ್ತಾರೆ. ಇದು ನನ್ನೊಬ್ಬನಿಂದ ಆಗುವುದಿಲ್ಲ ಎಂದು ಒಪ್ಪಿಕೊಳ್ಳುವುದೇ ಅಲ್ಲಿನ ಮೊದಲ ಕೆಲಸ. ನಾನೂ ಎದ್ದು ನಿಂತು ಹೇಳುತ್ತಿದ್ದೆ, ಇಡ್ಲಿ ಮುಗಿದಿದೆ ಎಂದು ಗಿರಾಕಿಗೆ ಹೇಳಿದಷ್ಟು ಸಲೀಸಾಗಿ. ಒಳಗೊಳಗೆ ಮಾತ್ರ, ಬಿಟ್ಟವನು ನಾನೇ ತಾನೆ ಎಂಬ ಜಂಬ. ನನಗಿಂತ ಮೊದಲು ಅಲ್ಲಿಗೆ ಬಂದ ವಿಜಯಪುರದವರೊಬ್ಬರು ನನ್ನ ಬೆನ್ನಿಗೆ ನಿಂತಿದ್ದರು. ವಿಠ್ಠಲವಾಡಿಯಲ್ಲಿ ಮನೆ, ಕಟ್ಟಡದ ಕೆಲಸದಲ್ಲಿ ಸೂಪರ್‌ವೈಸರ್. ಅವರಿಗೆ ನನ್ನ ಜಂಬ ಚೆನ್ನಾಗಿ ಗೊತ್ತಿತ್ತು.

ವರ್ಷ ತುಂಬಿತು. "ಇನ್ನು ಹರಕೆ ಬಾಕಿ ಇಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದಳು ಹೆಂಡತಿ. "ಅಜ್ಜನ ಸೇವೆಗೆ ಹೆಂಗಸರು ಹೋಗುವ ಕ್ರಮ ಇಲ್ಲ. ನೀವೇ ತೆಗೊಂಡು ಹೋಗಿ ಒಪ್ಪಿಸ್ಬೇಕು."

ಗಾಬರಿಯಲ್ಲಿ ಬ್ರಾಂಡಿ ಎಂದುಬಿಟ್ಟದ್ದಕ್ಕೆ ಅವಳಿಗೇ ಪೇಚಾಟ. ಆದರೆ ದೈವಕ್ಕೆ ಹೇಳಿಕೊಂಡದ್ದನ್ನು ಬದಲಾಯಿಸುವುದು ಹೇಗೆ? ಬಾಟಲಿ ಮನೆಯ ಹೊಸಿಲು ದಾಟಕೂಡದೆಂಬ ಕಾನೂನೂ ಅವಳದೇ. ಹಾಗಾಗಿ ಡೊಂಬಿವಲಿಯಲ್ಲೇ ಇರುವ ಅಜ್ಜನ ಗುಡಿಗೆ ಹೋಗುವ ದಾರಿಯಲ್ಲೇ ನಾನು ಕೊಳ್ಳಬೇಕಿತ್ತು.

ವಿಷಯ ತಿಳಿದು ವಿಜಯಪುರದವರು, "ನಾ ಬರ್ತೀನ್ರಿ ನಿಮ್ ಜೋಡಿ," ಎಂದರು.

"ಬೇಡ, ನಾನು ನೋಡಿಕೊಳ್ತೇನೆ," ಎಂದೆ. ವರ್ಷವಿಡೀ ಮುಟ್ಟದವನು ಒಂದು ಬಾಟಲಿ ಹೊರಲಾರೆನೇ ಎಂದು ನನ್ನ ಲೆಕ್ಕ.

ಶನಿವಾರ ಸಂಜೆ ಚಕ್ಕುಲಿ, ವೀಳ್ಯವಿದ್ದ ಚೀಲ ಹಿಡಿದು ರಜೆಯ ದಿನಗಳಲ್ಲಿ ನಾನು ಕೊಳ್ಳುತ್ತಿದ್ದ, ನಮ್ಮ ಸ್ಟೇಷನ್ ಹತ್ತಿರದ ವೈನ್ ಶಾಪಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಅಂಗಡಿಯವನು ಮುಖ ನೋಡಿ ನಕ್ಕ. "ಬಹುತ್ ದಿನ್ ಬಾದ್, ಸೇಠ್," ಎಂದವನೇ, ನಾನು ಬಾಯಿ ತೆರೆಯುವ ಮೊದಲೇ ಒಂದು ಕ್ವಾರ್ಟರ್ ತೆಗೆದು ಮುಂದಿಟ್ಟ. ನನ್ನ ಬ್ರಾಂಡು, ನನ್ನ ಅಳತೆ, ಪಕ್ಕದಲ್ಲಿ ನಾನು ತಿನ್ನುತ್ತಿದ್ದ ಖಾರದ ಕಡಲೆಯ ಪ್ಯಾಕೆಟ್. ಅವನ ಪಾಲಿಗೆ ನಾನು ಇಷ್ಟು ದಿನ ಊರಿಗೆ ಹೋಗಿ ಬಂದಿದ್ದೆ, ಅಷ್ಟೆ.

ನನ್ನ ಕೈ ಜೇಬಿಗೆ ಹೋಗಿಯಾಗಿತ್ತು. ದೊಡ್ಡ ಬಾಟಲಿ ಅಜ್ಜನಿಗೆ, ಕ್ವಾರ್ಟರ್ ನನಗೆ ಎಂದು ಮನಸ್ಸು ಆಗಲೇ ಪಾಲು ಮಾಡಿ ಮುಗಿಸಿತ್ತು. ಅದು ಎಷ್ಟು ಬೇಗ ಪಾಲು ಮಾಡಿತೆಂದು ತಿಳಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಸಾಲು ಬಿಟ್ಟು ರಸ್ತೆಯ ಆಚೆ ಬದಿಗೆ ಬಂದು ವಿಜಯಪುರದವರಿಗೆ ಫೋನ್ ಮಾಡಿದೆ.

"ನನ್ನಿಂದ ಆಗ್ತಾ ಇಲ್ಲ," ಎಂದೆ. ಈ ಸಲ ಅದು ಇಡ್ಲಿ ಮುಗಿದಿದೆ ಎಂಬಂಥ ಮಾತಾಗಿರಲಿಲ್ಲ.

"ಲೈನ್ ಬಿಟ್ಟು ಹೊರಗ ಬಂದೀರೇನು?"

"ಬಂದೆ."

"ಹಂಗಾರ ಖಾಲಿ ಕೈಲೇ ಹೋಗ್ರಿ. ನನ್ನ ಮುಂದ ಹೇಳಿದ್ದನ್ನ ಅಜ್ಜನ ಮುಂದನೂ ಹೇಳ್ರಿ."

ಅವರಿಗೇನು, ಹೇಳುವುದು ಸುಲಭ. ಸಾಲುಮನೆಗಳ ಒಂದು ಚಾಳಿನ ಹಿಂದಿನ ಆ ಸಣ್ಣ ಗುಡಿಗೆ ಬರುವವರೆಲ್ಲ ನಮ್ಮ ಕಡೆಯವರು, ಅರ್ಧಕ್ಕರ್ಧ ಹೋಟೆಲಿನವರು. ಯಾಕೆ ಕುಡಿಯುವುದಿಲ್ಲ ಎಂದು ಕೇಳಿದಾಗಲೆಲ್ಲ ಅವರಿಗೆ ಹೊಟ್ಟೆಯ ಅಲ್ಸರಿನ ಕತೆ ಕಟ್ಟುತ್ತಾ ಬಂದಿದ್ದೆ. ತಿರುಗಿ ಮನೆಗೆ ಹೋಗಿಬಿಡಲೇ ಅನಿಸಿತು. ಹೋದರೆ ದಾರಿಯಲ್ಲಿ ಮತ್ತೆ ಅದೇ ಅಂಗಡಿ. ಹಲ್ಲು ಕಚ್ಚಿ ಗುಡಿಯ ಕಡೆಗೇ ನಡೆದೆ.

ಚಕ್ಕುಲಿ, ವೀಳ್ಯ ತೆಗೆದುಕೊಂಡ ಪೂಜಾರಿ ವಾಡಿಕೆಯಂತೆ ಬಾಟಲಿಗೆಂದು ಮತ್ತೆ ಕೈ ಚಾಚಿದರು. ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದೆ: "ನಾನು ಕುಡುಕ. ಅಲ್ಸರ್ ಅಂತ ಹೇಳಿದ್ದೆಲ್ಲ ಸುಳ್ಳು. ಅಜ್ಜನ ಬಾಟಲಿ ಹಿಡ್ಕೊಂಡು ಇಲ್ಲಿವರೆಗೆ ಬರ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

ಕಿವಿಯೆಲ್ಲ ಬಿಸಿಯಾಯಿತು. ಯಾರೂ ನಗಲಿಲ್ಲ, ಯಾರೂ ಹತ್ತಿರ ಬಂದು ಬೆನ್ನು ತಟ್ಟಲೂ ಇಲ್ಲ. ಪೂಜಾರಿ ಚಾಚಿದ ಕೈ ಹಿಂದಕ್ಕೆ ತೆಗೆದು, "ಕಳೆದುಹೋದದ್ದು ಸಿಕ್ಕಿತಲ್ಲ, ಸಾಕು. ಬಾಟಲಿ ಕೊಡುವವರು ಅಜ್ಜನಿಗೆ ಬೇಕಾದಷ್ಟು ಜನ ಉಂಟು," ಎಂದು ವೀಳ್ಯವನ್ನು ಕಟ್ಟೆಯ ಮೇಲಿಟ್ಟರು. ಸೇವೆ ಮುಗಿದು ಪ್ರಸಾದ ಹಂಚುವ ಮೊದಲೇ ನಾನು ಹೊರಟೆ. ನನ್ನಿಂದ ಆಗುವುದಿಲ್ಲ ಎನ್ನುವುದನ್ನು ನಾಳೆಯೂ ಹೇಳುತ್ತೇನೆ, ನಾಡಿದ್ದೂ ಹೇಳುತ್ತೇನೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಎಂದು ಹಟ ಹಿಡಿದೇ ಮನೆಯವರೆಗೆ ನಡೆದೆ.

ಬಾಗಿಲು ತೆರೆದ ಹೆಂಡತಿಗೆ ಹೊಸಿಲ ಹೊರಗೆ ನಿಂತೇ ಎಲ್ಲ ಹೇಳಿದೆ. ಕ್ವಾರ್ಟರಿನ ವಿಷಯವನ್ನೂ ಬಿಡಲಿಲ್ಲ, ಜೇಬಿಗೆ ಹೋದ ಕೈಯನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ನಾನು ಎಂದಿನಂತೆ ಚೀಲ ಮುಂದಕ್ಕೆ ಚಾಚಿದೆ.

"ಅಲ್ಲೇ ಕುರ್ಚಿ ಮೇಲೆ ಇಡಿ. ಕೈಕಾಲು ತೊಳ್ದು ಬನ್ನಿ, ಗಂಜಿ ಬಡಿಸ್ತೇನೆ," ಎಂದು ಅವಳು ನನ್ನ ಉಸಿರು ಮೂಸಲು ಹತ್ತಿರ ಬಾರದೆ ಅಡುಗೆಮನೆಗೆ ಹೋದಳು.